ಹೆನ್ರಿ ಬೆಕೆರೆಲ್: ಫಲಕ ನುಡಿದ ಸಾಕ್ಷಿ

ಶಾಲೆಯ ಪಠ್ಯಪುಸ್ತಕಗಳಲ್ಲಿ ಹೆನ್ರಿ ಬೆಕೆರೆಲನ ಕಥೆ ನಾಲ್ಕು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಪ್ಯಾರಿಸ್ಸಿನಲ್ಲಿ ಮೋಡ ಕವಿದಿತ್ತು. ಆತನು ಯುರೇನಿಯಂ ಲವಣವನ್ನೂ ಛಾಯಾಚಿತ್ರದ ಫಲಕವನ್ನೂ ಮೇಜಿನ ಖಾನೆಯಲ್ಲಿ ಇಟ್ಟುಬಿಟ್ಟನು. ಬಿಸಿಲಿಲ್ಲದೆಯೇ ಫಲಕ ಕಪ್ಪಾಯಿತು. ವಿಕಿರಣಪಟುತ್ವ ಜಗತ್ತಿಗೆ ತಿಳಿಯಿತು. ಅದೃಷ್ಟ ಒಲಿದವನೊಬ್ಬನ ಕಥೆಯೆಂದು ಹುಡುಗರು ಓದಿಕೊಂಡು ಮುಂದಿನ ಪಾಠಕ್ಕೆ ಹೋಗುತ್ತಾರೆ. ಈ ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಮುಖ್ಯವಾದುದೊಂದು ಬಿಟ್ಟುಹೋಗಿದೆ. ಫಲಕ ಕಪ್ಪಾದ ದಿನ ತಾನು ಕಂಡದ್ದು ಏನೆಂಬುದು ಬೆಕೆರೆಲನಿಗೆ ತಿಳಿದಿರಲಿಲ್ಲ. ಏನೋ ಬಂದಿತ್ತೆಂದಷ್ಟೇ ಫಲಕ ಹೇಳಿತ್ತು. ಬಂದದ್ದು ಯಾವುದು, ಒಂದೋ ಹಲವೋ, ಬೆಳಕಿನ ಬಳಗಕ್ಕೆ ಸೇರಿದುದೋ ಬೇರೆಯೋ ಎಂಬುದನ್ನು ಬಿಡಿಸುವುದಕ್ಕೆ ಏಳು ವರ್ಷ ಹಿಡಿಯಿತು. ಆ ಏಳು ವರ್ಷಗಳಲ್ಲಿ ಆತನು ಎಡವಿದನು, ಕೆಲಸವನ್ನು ಕೈಬಿಟ್ಟನು, ಮರಳಿ ಬಂದನು, ಆಡಿದ ಮಾತನ್ನು ತಾನೇ ಹಿಂದೆಗೆದುಕೊಂಡನು. ಆತನ ಬಾಳಿನ ಹಿರಿಮೆಯನ್ನು ಮೋಡದ ದಿನದಲ್ಲಿ ಹುಡುಕುವುದಕ್ಕಿಂತ ಈ ವರ್ಷಗಳಲ್ಲಿ ಹುಡುಕುವುದು ನ್ಯಾಯ.

ಬೆಕೆರೆಲನು ಹುಟ್ಟಿದ್ದು ೧೮೫೨ನೆಯ ಇಸವಿ ಡಿಸೆಂಬರ್ ೧೫ರಂದು, ಪ್ಯಾರಿಸ್ಸಿನ ಸಸ್ಯೋದ್ಯಾನದೊಳಗಿದ್ದ ಮನೆಯಲ್ಲಿ. ಆ ಉದ್ಯಾನ ಫ್ರಾನ್ಸಿನ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಸೇರಿದುದು. ಆತನ ಅಜ್ಜ ಆಂಟ್ವಾನ್ ಸೀಸರ್ ಬೆಕೆರೆಲ್ ನೆಪೋಲಿಯನ್ನನ ಸೈನ್ಯದಲ್ಲಿ ಎಂಜಿನಿಯರನಾಗಿ ಸ್ಪೇನಿನ ಯುದ್ಧವನ್ನು ಕಂಡುಬಂದು, ಕತ್ತಿಯನ್ನು ಬದಿಗಿಟ್ಟು ವಿದ್ಯುಚ್ಛಕ್ತಿಯ ಅಭ್ಯಾಸಕ್ಕೆ ತೊಡಗಿದವನು. ೧೮೩೮ರಲ್ಲಿ ಆ ಸಂಗ್ರಹಾಲಯದ ಭೌತವಿಜ್ಞಾನ ಪೀಠ ಅವನಿಗೆ ದೊರೆಯಿತು. ಅವನ ತರುವಾಯ ಮಗ ಎಡ್ಮಂಡ್, ಎಡ್ಮಂಡನ ತರುವಾಯ ಹೆನ್ರಿ, ಹೆನ್ರಿಯ ತರುವಾಯ ಅವನ ಮಗ ಜಾನ್. ಹೀಗೆ ೧೯೪೮ರವರೆಗೆ, ನೂರ ಹತ್ತು ವರ್ಷಗಳ ಕಾಲ, ಆ ಪೀಠ ಒಂದೇ ಮನೆತನದಲ್ಲಿ ಉಳಿಯಿತು. ನಮ್ಮಲ್ಲಿ ವೀಣೆಯೋ ವೈದ್ಯವೋ ಮನೆತನದ ವಿದ್ಯೆಯಾಗಿ ತಂದೆಯಿಂದ ಮಗನಿಗೆ ಇಳಿದುಬರುವಂತೆ ಅಲ್ಲಿ ಭೌತವಿಜ್ಞಾನ ಇಳಿದುಬಂದಿತು.

ಆ ಮನೆತನದ ವಿದ್ಯೆಯಲ್ಲಿ ಒಂದು ವಿಶೇಷ ರಾಗವಿತ್ತು. ಅದು ಸ್ಫುರದೀಪ್ತಿ. ಕೆಲವು ವಸ್ತುಗಳನ್ನು ಬಿಸಿಲಿಗೆ ಇಟ್ಟು ಕತ್ತಲೆಗೆ ಒಯ್ದರೆ ಅವು ಸ್ವಲ್ಪ ಹೊತ್ತು ತಾವೇ ಹೊಳೆಯುತ್ತವೆ. ಕುಡಿದ ಬೆಳಕನ್ನು ಮೆಲ್ಲಮೆಲ್ಲನೆ ಹೊರಗೆ ಬಿಡುತ್ತವೆ. ತಂದೆ ಎಡ್ಮಂಡನು ಈ ಹೊಳಪನ್ನೇ ತನ್ನ ಜೀವನದ ವಿಷಯವನ್ನಾಗಿ ಮಾಡಿಕೊಂಡಿದ್ದನು. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಮೆ ಹೊತ್ತು ನಿಲ್ಲುವ ಹೊಳಪನ್ನೂ ಅಳೆಯುವ ಉಪಕರಣವನ್ನು ಕಟ್ಟಿದನು. ಯುರೇನಿಯಂ ಲವಣಗಳು ಬಲು ಚೆನ್ನಾಗಿ ಹೊಳೆಯುವುದನ್ನು ಆತನು ಬಲ್ಲನು. ಮಗ ಬೆಳೆದದ್ದು ಈ ಹೊಳೆಯುವ ಹರಳುಗಳ ನಡುವೆ.

ಲೂಯಿ ಲ ಗ್ರ್ಯಾಂಡ್ ಶಾಲೆ, ಪಾಲಿಟೆಕ್ನಿಕ್, ಸೇತುವೆ ರಸ್ತೆಗಳ ಎಂಜಿನಿಯರಿಂಗ್ ವಿದ್ಯಾಲಯ: ಈ ಕ್ರಮದಲ್ಲಿ ಹೆನ್ರಿಯ ಶಿಕ್ಷಣ ನಡೆಯಿತು. ೧೮೭೪ರಲ್ಲಿ ಭೌತವಿಜ್ಞಾನಿ ಜಾಮೆನನ ಮಗಳು ಲೂಸಿಯೊಡನೆ ವಿವಾಹವಾಯಿತು. ೧೮೭೮ ಆತನ ಪಾಲಿಗೆ ಕಠೋರವಾದ ವರ್ಷ. ಜನವರಿಯಲ್ಲಿ ಅಜ್ಜ ತೀರಿಕೊಂಡನು. ಫೆಬ್ರವರಿಯಲ್ಲಿ ಮಗ ಜಾನ್ ಹುಟ್ಟಿದನು. ಮಗು ಹುಟ್ಟಿ ಕೆಲವೇ ವಾರಗಳಲ್ಲಿ ಮಡದಿ ಕಣ್ಮುಚ್ಚಿದಳು. ಇಪ್ಪತ್ತೈದು ವರ್ಷದ ಯುವಕ ಹಸುಗೂಸಿನೊಡನೆ ಉಳಿದನು. ಅದೇ ವರ್ಷ ಆತನು ತಂದೆಯ ಸಹಾಯಕನಾಗಿ ಸಂಗ್ರಹಾಲಯದ ಕೆಲಸಕ್ಕೆ ಸೇರಿದನು.

ಮುಂದಿನ ಹದಿನೈದು ವರ್ಷಗಳ ಕೆಲಸ ಶಾಂತವಾದುದು, ಅಚ್ಚುಕಟ್ಟಾದುದು. ಅಯಸ್ಕಾಂತ ಕ್ಷೇತ್ರದಲ್ಲಿ ಬೆಳಕಿನ ಧ್ರುವೀಕರಣದ ತಲ ತಿರುಗುವುದನ್ನು ಅಳೆದನು. ಹರಳುಗಳು ಬೆಳಕನ್ನು ಹೀರುವ ಬಗೆಯನ್ನು ಕುರಿತು ಬರೆದು ೧೮೮೮ರಲ್ಲಿ ಡಾಕ್ಟರ್ ಪದವಿ ಪಡೆದನು. ಮರುವರ್ಷ ವಿಜ್ಞಾನ ಅಕಾಡೆಮಿಯ ಸದಸ್ಯನಾದನು. ೧೮೯೦ರಲ್ಲಿ ಮತ್ತೆ ಮದುವೆಯಾದನು. ಈ ಕಾಲದ ಒಂದು ಪ್ರಯೋಗವನ್ನು ಮಾತ್ರ ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹಿಡಿಯುವುದಕ್ಕೆ ಆತನು ಸ್ಫುರದೀಪ್ತಿಯ ಪರದೆಯನ್ನು ಬಳಸಿದನು. ಮೊದಲೇ ಬೆಳಕು ಕುಡಿದಿದ್ದ ಪರದೆಯ ಮೇಲೆ ಅವಗೆಂಪು ಬಿದ್ದ ಕಡೆ, ಒಳಗೆ ಸಂಗ್ರಹವಾಗಿದ್ದ ಬೆಳಕು ಒಮ್ಮೆಗೇ ಹೊರಗೆ ಬಂದುಬಿಡುತ್ತದೆ. ಅಡಗಿದ್ದುದನ್ನು ಮತ್ತೊಂದು ಕಿರಣದಿಂದ ತಟ್ಟಿ ಎಬ್ಬಿಸುವ ಈ ಉಪಾಯ ಸುಮಾರು ನೂರು ವರ್ಷಗಳ ಮೇಲೆ ಬೇರೊಂದು ರೂಪದಲ್ಲಿ ಮರಳಿ ಬರಲಿತ್ತು.

೧೮೯೧ರಲ್ಲಿ ಎಡ್ಮಂಡನು ತೀರಿಕೊಂಡನು. ಮರುವರ್ಷ ಪೀಠ ಹೆನ್ರಿಗೆ ಬಂದಿತು. ನಲವತ್ತು ದಾಟಿದ ಆತನಿಗೆ ಪದವಿಗಳಿದ್ದವು, ಮರ್ಯಾದೆಯಿತ್ತು. ಅಲ್ಲಿಗೇ ಬಾಳು ಮುಗಿದಿದ್ದರೆ ವಿಜ್ಞಾನದ ಚರಿತ್ರೆಯಲ್ಲಿ ಆತನಿಗೆ ಒಂದು ಅಡಿಟಿಪ್ಪಣಿಗಿಂತ ಹೆಚ್ಚಿನ ಎಡೆ ಸಿಗುತ್ತಿರಲಿಲ್ಲ.

೧೮೯೫ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ೧೮೯೬ರ ಜನವರಿ ೨೦ರಂದು ಪ್ಯಾರಿಸ್ಸಿನ ಅಕಾಡೆಮಿಯ ಸಭೆಯಲ್ಲಿ ಅಂಗೈಯ ಎಲುಬುಗಳ ಚಿತ್ರ ಕೈಯಿಂದ ಕೈಗೆ ದಾಟಿತು. ಆ ಕಿರಣಗಳು ಗಾಜಿನ ನಳಿಗೆಯ ಹೊಳೆಯುವ ಭಾಗದಿಂದಲೇ ಹೊರಡುತ್ತವೆಂದು ಗಣಿತಜ್ಞ ಪ್ವಾಂಕರೆ ವಿವರಿಸಿದನು. ಕೇಳುತ್ತ ಕುಳಿತಿದ್ದ ಬೆಕೆರೆಲನ ಮನಸ್ಸಿನಲ್ಲಿ ಮನೆತನದ ವಿದ್ಯೆ ಎದ್ದು ನಿಂತಿತು. ಹೊಳೆಯುವ ಗಾಜಿನಿಂದ ಇಂಥ ಕಿರಣ ಬರುವುದಾದರೆ ಹೊಳೆಯುವ ಹರಳಿನಿಂದ ಏಕೆ ಬರಬಾರದು? ಮರುದಿನವೇ ಆತನು ಪರೀಕ್ಷೆಗೆ ತೊಡಗಿದನು.

ಆತನ ಕೈಯಲ್ಲಿದ್ದ ಸಾಧನ ಛಾಯಾಚಿತ್ರಗಾರನ ಗಾಜಿನ ಫಲಕ. ಗಾಜಿನ ಮೇಲೆ ಲೇಪಿಸಿದ ಸರಿಯಲ್ಲಿ ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮ ಕಣಗಳಿರುತ್ತವೆ. ಬೆಳಕು ತಾಗಿದ ಕಣಗಳಲ್ಲಿ ಕಣ್ಣಿಗೆ ಕಾಣದ ಬದಲಾವಣೆಯಾಗುತ್ತದೆ. ದ್ರಾವಣದಲ್ಲಿ ತೊಳೆದಾಗ ಆ ಕಣಗಳು ಮಾತ್ರ ಬೆಳ್ಳಿಯಾಗಿ ಕಪ್ಪಗೆ ತೋರುತ್ತವೆ. ಬೆಕೆರೆಲನು ಫಲಕವನ್ನು ದಪ್ಪನಾದ ಕರಿಯ ಕಾಗದದ ಎರಡು ಪದರಗಳಲ್ಲಿ ಸುತ್ತಿದನು. ದಿನವಿಡೀ ಬಿಸಿಲಿನಲ್ಲಿಟ್ಟರೂ ಬೆಳಕು ಒಳಗೆ ಹೋಗದಷ್ಟು ಭದ್ರವಾಗಿ ಸುತ್ತಿದನು. ಅದರ ಮೇಲೆ ಯುರೇನಿಯಂ ಮತ್ತು ಪೊಟಾಸಿಯಂಗಳ ಜೋಡಿ ಸಲ್ಫೇಟಿನ ಹರಳುಗಳನ್ನಿಟ್ಟು ಹಲವು ಗಂಟೆ ಬಿಸಿಲಿಗೆ ಒಡ್ಡಿದನು. ತೊಳೆದಾಗ ಹರಳುಗಳ ನೆರಳು ಫಲಕದ ಮೇಲೆ ಮೂಡಿತ್ತು. ಫೆಬ್ರವರಿ ೨೪ರಂದು ಅಕಾಡೆಮಿಗೆ ವರದಿ ಒಪ್ಪಿಸಿದನು. ಎಣಿಸಿದ್ದು ನಿಜವಾಯಿತೆಂದು ಆತನಿಗೆ ತೋರಿತು.

ಮೋಡಗಳು ಬಂದದ್ದು ಆ ವಾರದಲ್ಲಿ. ಫೆಬ್ರವರಿ ೨೬ ಮತ್ತು ೨೭ರಂದು ಪ್ಯಾರಿಸ್ಸಿನ ಬಿಸಿಲು ಆಗೊಮ್ಮೆ ಈಗೊಮ್ಮೆ ಇಣಿಕಿ ಮರೆಯಾಗುತ್ತಿತ್ತು. ಸಿದ್ಧಪಡಿಸಿದ್ದ ಫಲಕಗಳನ್ನು ಹರಳುಗಳ ಸಮೇತ ಮೇಜಿನ ಖಾನೆಯ ಕತ್ತಲೆಯಲ್ಲಿ ಇಟ್ಟನು. ಒಂದರಲ್ಲಿ ಹರಳಿಗೂ ಫಲಕಕ್ಕೂ ನಡುವೆ ತೆಳುವಾದ ತಾಮ್ರದ ಶಿಲುಬೆಯಿತ್ತು. ಮಾರ್ಚ್ ೧, ಭಾನುವಾರ, ಆತನು ಅವುಗಳನ್ನು ತೊಳೆದನು. ಬಿಸಿಲು ಸಾಲದ್ದರಿಂದ ಬಲು ಮಸುಕಾದ ಗುರುತು ಕಂಡೀತೆಂಬುದು ಆತನ ಎಣಿಕೆ. ಕಂಡದ್ದು ಅಚ್ಚಗಪ್ಪಾದ ಚಿತ್ರ. ನಡುವೆ ಶಿಲುಬೆಯ ನೆರಳು. ಮರುದಿನವೇ ಅಕಾಡೆಮಿಯಲ್ಲಿ ಅದನ್ನು ಹೇಳಿದನು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕತ್ತಲೆಯಲ್ಲಿ ಯುರೇನಿಯಂ ತನ್ನ ಗುರುತನ್ನು ಬಿಡುವುದನ್ನು ಮೊದಲು ಕಂಡವನು ಬೆಕೆರೆಲನಲ್ಲ. ಸುಮಾರು ನಲವತ್ತು ವರ್ಷ ಹಿಂದೆಯೇ ನೀಪ್ಸ್ ದ ಸ್ಯಾಂ ವಿಕ್ಟರ್ ಎಂಬಾತ ಯುರೇನಿಯಂ ಲವಣದಲ್ಲಿ ಅದ್ದಿದ ಕಾಗದ ಕತ್ತಲೆಯಲ್ಲಿಯೂ ಛಾಯಾಚಿತ್ರದ ಕಾಗದವನ್ನು ಕಪ್ಪಾಗಿಸುವುದನ್ನು ಕಂಡಿದ್ದನು. ಆ ಪ್ರಯೋಗಗಳು ಎಡ್ಮಂಡನಿಗೂ ತಿಳಿದಿದ್ದವು. ಕುಡಿದ ಬೆಳಕು ಹೊರಗೆ ಬರುತ್ತಿದೆಯೆಂದುಕೊಂಡು ಆ ಕಾಲದವರು ಮುಂದೆ ನಡೆದರು. ಹಾಗಾದರೆ ಸಾಕ್ಷಿ ಮೊದಲೇ ಬಂದು ಹೋಗಿತ್ತು. ಅದನ್ನು ಮರುಪ್ರಶ್ನಿಸುವವರು ಇರಲಿಲ್ಲ.

ಹೆನ್ರಿ ಮರುಪ್ರಶ್ನಿಸಿದನು. ಹರಳು ಹಿಂದೆ ಕುಡಿದ ಬೆಳಕೇ ಹೊರಗೆ ಬರುತ್ತಿರಬಹುದೆಂಬ ಶಂಕೆ ಮೊದಲು ಆತನಿಗೂ ಇತ್ತು. ಆದ್ದರಿಂದ ಹರಳುಗಳನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟನು; ಅವುಗಳ ಶಕ್ತಿ ಕುಗ್ಗಲಿಲ್ಲ. ಸ್ವಲ್ಪವೂ ಹೊಳೆಯದ ಯುರೇನಿಯಂ ಲವಣಗಳನ್ನು ತಂದಿಟ್ಟನು. ಫಲಕ ಹಾಗೆಯೇ ಕಪ್ಪಾಯಿತು. ಕೊನೆಗೆ ಯುರೇನಿಯಂ ಲೋಹವನ್ನೇ ಇಟ್ಟನು. ಲೋಹಕ್ಕೆ ಸ್ಫುರದೀಪ್ತಿ ಎಂಬುದೇ ಇಲ್ಲ; ಆದರೂ ಫಲಕ ಎಲ್ಲಕ್ಕಿಂತ ಹೆಚ್ಚು ಕಪ್ಪಾಯಿತು. ೧೮೯೬ರ ಮೇ ೧೮ರಂದು ಆತನು ಇದನ್ನು ಪ್ರಕಟಿಸಿದನು. ಹೊಳಪಿಗೂ ಈ ಕಿರಣಕ್ಕೂ ಸಂಬಂಧವಿಲ್ಲ. ಇದು ಯುರೇನಿಯಂ ಎಂಬ ಮೂಲವಸ್ತುವಿನ ಸ್ವಂತ ಗುಣ ಎಂದು ಸಿದ್ಧವಾಯಿತು. ಅಜ್ಜನಿಂದ, ತಂದೆಯಿಂದ ಬಂದ ನಂಬಿಕೆಯನ್ನು ಹಿಡಿದು ಹೊರಟವನು ಮೂರು ತಿಂಗಳೊಳಗೆ ಆ ನಂಬಿಕೆಯನ್ನು ತನ್ನ ಕೈಯಿಂದಲೇ ಕೆಳಗಿಡಬೇಕಾಯಿತು. ಮನೆತನದ ವಿದ್ಯೆ ದಾರಿ ತೋರಿದ್ದು ನಿಜ. ಗುರಿ ಮಾತ್ರ ಅದರ ಎಲ್ಲೆಯ ಹೊರಗಿತ್ತು.

ಆದರೆ ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಹೊಸ ಕಿರಣ ಬೆಳಕಿನ ಜಾತಿಯದೇ ಆಗಿರಬೇಕೆಂಬ ನಿರೀಕ್ಷೆ ಆತನಲ್ಲಿ ಉಳಿದಿತ್ತು. ಅದು ಪ್ರತಿಫಲಿಸುತ್ತದೆ, ವಕ್ರೀಭವಿಸುತ್ತದೆ, ಧ್ರುವೀಕರಣಕ್ಕೂ ಒಳಗಾಗುತ್ತದೆ ಎಂದು ಆತನು ಫಲಕಗಳನ್ನು ನೋಡಿ ವರದಿ ಮಾಡಿದನು. ಅದು ತಪ್ಪು. ಫಲಕದ ಮಸುಕಾದ ಗುರುತುಗಳಲ್ಲಿ ಆತನು ಕಂಡದ್ದು ತನ್ನ ನಿರೀಕ್ಷೆಯನ್ನು. ಮಾರ್ಚ್ ಒಂದರಂದು ಫಲಕ ಹೇಳಿದ್ದನ್ನು ಕೇಳಿದವನೇ ಈಗ ತಾನು ಕೇಳಬಯಸಿದ್ದನ್ನು ಫಲಕದಿಂದ ಹೇಳಿಸಿದನು. ಆತನ ಬಾಳಿನ ಈ ಎರಡು ಪುಟಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಬೇಕು. ಮನುಷ್ಯ ಒಬ್ಬನೇ, ಫಲಕವೂ ಒಂದೇ ಬಗೆಯದು. ಪ್ರಶ್ನೆ ಕೇಳಿದ ರೀತಿ ಮಾತ್ರ ಬೇರೆ.

೧೮೯೭ರ ಹೊತ್ತಿಗೆ ಆತನ ಉತ್ಸಾಹ ತಗ್ಗಿತು. ಲೋಕವೆಲ್ಲ ಕ್ಷ-ಕಿರಣಗಳ ಸಂಭ್ರಮದಲ್ಲಿತ್ತು. ಯುರೇನಿಯಂ ಕಿರಣಗಳನ್ನು ಕೇಳುವವರು ವಿರಳವಾಗಿದ್ದರು. ಕೈಬಿಟ್ಟ ಎಳೆಯನ್ನು ಎತ್ತಿಕೊಂಡವಳು ಮೇರಿ ಕ್ಯೂರಿ. ಆಕೆ ಫಲಕವನ್ನು ಬಿಟ್ಟು ವಿದ್ಯುತ್ತಿನ ಮಾಪಕವನ್ನು ಹಿಡಿದಳು. ಕಿರಣ ಹಾದ ಗಾಳಿಯಲ್ಲಿ ವಿದ್ಯುತ್ತು ಹರಿಯುವುದನ್ನು ಬೆಕೆರೆಲನೇ ಕಂಡಿದ್ದನು. ಆಕೆ ಆ ಹರಿವನ್ನು ಅಂಕಿಗಳಲ್ಲಿ ಅಳೆದಳು. ೧೮೯೮ರಲ್ಲಿ ಥೋರಿಯಂ ಕೂಡ ಇಂಥ ಕಿರಣಗಳನ್ನು ಬಿಡುವುದೆಂದು ತಿಳಿಯಿತು. ಅದೇ ವರ್ಷ ಆಕೆ ಪತಿ ಪಿಯರನೊಡನೆ ಪೊಲೋನಿಯಂ ಮತ್ತು ರೇಡಿಯಂಗಳನ್ನು ಕಂಡುಹಿಡಿದಳು. ೧೮೯೯ರಲ್ಲಿ ರುದರ್‌ಫರ್ಡ್ ಯುರೇನಿಯಮ್ಮಿನ ಮೇಲೆ ಅಲ್ಯೂಮಿನಿಯಂ ಹಾಳೆಗಳನ್ನು ಒಂದೊಂದಾಗಿ ಹೇರುತ್ತ ಹೋಗಿ, ಮೊದಲ ಕೆಲವು ಹಾಳೆಗಳಲ್ಲೇ ನಿಂತುಹೋಗುವ ಕಿರಣ ಒಂದು, ಅವುಗಳನ್ನು ದಾಟಿ ಬಹುದೂರ ಸಾಗುವ ಕಿರಣ ಇನ್ನೊಂದು ಎಂದು ತೋರಿಸಿದನು. ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದು ಹೆಸರಿಟ್ಟನು. ವಕ್ರೀಭವನವೂ ಧ್ರುವೀಕರಣವೂ ಅವನಿಗೆ ಕಾಣಲಿಲ್ಲ. ಬೆಕೆರೆಲನು ತನ್ನ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, ಹಿಂದೆ ಹೇಳಿದ್ದು ಸರಿಯಲ್ಲವೆಂದು ಒಪ್ಪಿಕೊಂಡನು. ಅಕಾಡೆಮಿಯ ಸದಸ್ಯ, ಮೂರು ತಲೆಮಾರಿನ ಪೀಠದ ಒಡೆಯ, ಐವತ್ತರ ಸಮೀಪದವನು. ಆ ಒಪ್ಪಿಗೆ ಸುಲಭದ್ದಾಗಿರಲಿಲ್ಲ.

ಮರಳಿ ಬಂದ ಬೆಕೆರೆಲನು ಹಳೆಯ ಫಲಕವನ್ನು ಹೊಸ ರೀತಿಯಲ್ಲಿ ಬಳಸಿದನು. ಕಪ್ಪಾಯಿತೇ ಇಲ್ಲವೇ ಎಂಬುದು ಈಗ ಸಾಲದು. ಎಲ್ಲಿ ಕಪ್ಪಾಯಿತು ಎಂಬುದು ಮುಖ್ಯ. ಕರಿಯ ಕಾಗದದಲ್ಲಿ ಸುತ್ತಿದ ಫಲಕವನ್ನು ಪ್ರಬಲವಾದ ವಿದ್ಯುದಯಸ್ಕಾಂತದ ಧ್ರುವಗಳ ನಡುವೆ ಮಲಗಿಸಿ, ಅದರ ಮೇಲೆ ಸೀಸದ ಪುಟ್ಟ ಬಟ್ಟಲಿನಲ್ಲಿ ರೇಡಿಯಂ ಲವಣವನ್ನಿಟ್ಟನು. ಸೀಸ ದಪ್ಪವಾದುದರಿಂದ ಕಿರಣ ಕೆಳಕ್ಕೆ ಇಳಿಯಲಾರದು, ಮೇಲಕ್ಕೇ ಹೋಗಬೇಕು. ಅಯಸ್ಕಾಂತದ ಬಲಕ್ಕೆ ಬಾಗುವ ಕಿರಣವಾದರೆ ಮೇಲೆ ಹೋದದ್ದು ಕಮಾನಿನಂತೆ ಬಾಗಿ ಪಕ್ಕದಲ್ಲಿ ಫಲಕದ ಮೇಲೆ ಬಂದು ಬೀಳಬೇಕು. ಬಂದು ಬಿದ್ದಿತು. ಫಲಕದ ಮೇಲೆ ಉದ್ದವಾದ ಕಪ್ಪು ಪಟ್ಟಿ ಮೂಡಿತು. ವೇಗ ಕಡಮೆಯಿರುವ ಕಣಗಳು ಹೆಚ್ಚು ಬಾಗಿ ಹತ್ತಿರ ಬಿದ್ದಿದ್ದವು. ವೇಗ ಹೆಚ್ಚಿದ್ದವು ಕಡಮೆ ಬಾಗಿ ದೂರ ಬಿದ್ದಿದ್ದವು. ಮುಂದೆ ಫಲಕದ ಮೇಲೆ ಕಾಗದ, ಅಲ್ಯೂಮಿನಿಯಂ, ಪ್ಲಾಟಿನಂಗಳ ಪಟ್ಟಿಗಳನ್ನು ಹಾಸಿದನು. ಹತ್ತಿರ ಬಿದ್ದವು ಅವುಗಳಲ್ಲಿ ತಡೆದು ನಿಂತವು. ದೂರ ಬಿದ್ದವು ದಾಟಿಹೋದವು. ಬಿಳಿಯ ಬೆಳಕನ್ನು ಪಟ್ಟಕ ಬಣ್ಣಗಳಾಗಿ ಬಿಡಿಸುವಂತೆ, ಒಂದೇ ಹೆಸರಿನ ಕಿರಣವನ್ನು ಅಯಸ್ಕಾಂತ ಅದರ ವೇಗಗಳಾಗಿ ಬಿಡಿಸಿತ್ತು.

೧೯೦೦ರಲ್ಲಿ ವಿದ್ಯುತ್ ಕ್ಷೇತ್ರದಲ್ಲಿಯೂ ಅದೇ ಕಿರಣವನ್ನು ಬಾಗಿಸಿ, ಎರಡು ಅಳತೆಗಳನ್ನು ಕೂಡಿಸಿ ಲೆಕ್ಕ ಹಾಕಿದನು. ವೇಗ ಸೆಕೆಂಡಿಗೆ ಸುಮಾರು ೧,೬೦,೦೦೦ ಕಿಲೋಮೀಟರು, ಅಂದರೆ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ಬೀಟಾ ಕಿರಣ ಬೆಳಕಲ್ಲ. ೧೮೯೭ರಲ್ಲಿ ಥಾಮ್ಸನ್ ಗುರುತಿಸಿದ್ದ ಎಲೆಕ್ಟ್ರಾನುಗಳ ಪ್ರವಾಹ. ಅದೇ ೧೯೦೦ರಲ್ಲಿ ಪ್ಯಾರಿಸ್ಸಿನವನೇ ಆದ ವಿಲಾರ್, ಅಯಸ್ಕಾಂತಕ್ಕೆ ಸ್ವಲ್ಪವೂ ಬಾಗದೆ ದಪ್ಪ ತಡೆಗಳನ್ನೂ ದಾಟಿಹೋಗುವ ಮೂರನೆಯ ಕಿರಣವನ್ನು ಫಲಕಗಳ ಮೇಲೆ ಕಂಡನು. ಅದಕ್ಕೆ ಗಾಮಾ ಎಂಬ ಹೆಸರು ೧೯೦೩ರಲ್ಲಿ ಬಂದಿತು. ಆ ವರ್ಷವೇ ರುದರ್‌ಫರ್ಡ್ ಆಲ್ಫಾ ಕಿರಣವೂ ಅಯಸ್ಕಾಂತಕ್ಕೆ ಬಾಗುವುದೆಂದು, ಅದೂ ಬೀಟಾಕ್ಕೆ ಎದುರು ದಿಕ್ಕಿನಲ್ಲಿ ಬಹು ಸ್ವಲ್ಪವಾಗಿ ಬಾಗುವುದೆಂದು ತೋರಿಸಿದನು. ಬೆಕೆರೆಲನ ಫಲಕ ಅದನ್ನು ದೃಢಪಡಿಸಿತು. ಖಾನೆಯ ಕತ್ತಲೆಯಲ್ಲಿ ಒಂದಾಗಿ ಕಂಡಿದ್ದುದು ಮೂರಾಗಿ ಬಿಡಿಸಿಕೊಂಡಿತು.

ಈ ನಡುವೆ ಆತನ ದೇಹವೂ ಒಂದು ಫಲಕವಾಯಿತು. ೧೯೦೧ರ ಏಪ್ರಿಲಿನಲ್ಲಿ ರೇಡಿಯಂ ಇದ್ದ ಸಣ್ಣ ಗಾಜಿನ ನಳಿಗೆಯನ್ನು ಅಂಗಿಯ ಮೇಲಿನ ವೇಸ್ಟ್‌ಕೋಟಿನ ಜೇಬಿನಲ್ಲಿ ಕೆಲವು ಗಂಟೆ ಇಟ್ಟುಕೊಂಡು ತಿರುಗಿದನು. ಆಗ ಏನೂ ತೋರಲಿಲ್ಲ. ಕೆಲವು ದಿನಗಳ ಮೇಲೆ ಚರ್ಮದ ಮೇಲೆ ನಳಿಗೆಯ ಆಕಾರದಲ್ಲಿಯೇ ಕೆಂಪು ಗುರುತು ಎದ್ದು ಹುಣ್ಣಾಯಿತು. ಮಾಯುವುದಕ್ಕೆ ವಾರಗಳು ಹಿಡಿದವು. ಸೀಸದ ಹೊದಿಕೆಯಲ್ಲಿ ಇಟ್ಟುಕೊಂಡಾಗ ಅಂಥ ಗಾಯವಾಗಲಿಲ್ಲ. ಪಿಯರ್ ಕ್ಯೂರಿಯೂ ತನ್ನ ತೋಳಿನ ಮೇಲೆ ರೇಡಿಯಮ್ಮನ್ನು ಪರೀಕ್ಷಿಸಿಕೊಂಡಿದ್ದನು. ಇಬ್ಬರೂ ಕೂಡಿ ೧೯೦೧ರಲ್ಲಿ ಇದನ್ನು ಪ್ರಕಟಿಸಿದರು. ಕಾಣದ ಕಿರಣ ಮಾಂಸವನ್ನು ಸುಡಬಲ್ಲುದೆಂಬ ಎಚ್ಚರವೂ, ಸುಡುವ ಗುಣವನ್ನೇ ರೋಗದ ಮೇಲೆ ತಿರುಗಿಸಬಹುದೆಂಬ ವೈದ್ಯರ ಆಸೆಯೂ ಆ ಬರಹದಿಂದ ಬಲಗೊಂಡವು.

೧೯೦೩ರ ನೊಬೆಲ್ ಪಾರಿತೋಷಿಕದ ಅರ್ಧ ಬೆಕೆರೆಲನಿಗೂ ಉಳಿದರ್ಧ ಕ್ಯೂರಿ ದಂಪತಿಗಳಿಗೂ ಸಂದಿತು. ದಂಪತಿಗಳು ಹೋಗಲಾಗಲಿಲ್ಲ, ಡಿಸೆಂಬರಿನ ಚಳಿಯಲ್ಲಿ ಬೆಕೆರೆಲನೇ ಸ್ಟಾಕ್‌ಹೋಮಿಗೆ ಹೋಗಿ ಬಂದನು. ೧೯೦೮ರಲ್ಲಿ ಅಕಾಡೆಮಿಯ ಅಧ್ಯಕ್ಷನಾದನು. ಜೂನಿನಲ್ಲಿ ಅದರ ಶಾಶ್ವತ ಕಾರ್ಯದರ್ಶಿಯ ಸ್ಥಾನಕ್ಕೂ ಆಯ್ಕೆಯಾದನು. ಎರಡು ತಿಂಗಳು ತುಂಬುವುದರೊಳಗೆ, ಆಗಸ್ಟ್ ೨೫ರಂದು, ಬ್ರಿಟನಿ ಕರಾವಳಿಯ ಲೆ ಕ್ರ್ವಾಸಿಕ್ ಎಂಬ ಊರಿನಲ್ಲಿ ತೀರಿಕೊಂಡನು. ಆಗ ಆತನಿಗೆ ಐವತ್ತೈದು ವರ್ಷ. ೧೯೭೫ರಲ್ಲಿ ವಿಕಿರಣಪಟುತ್ವದ ಅಂತರರಾಷ್ಟ್ರೀಯ ಏಕಮಾನಕ್ಕೆ ಆತನ ಹೆಸರಿಟ್ಟರು. ಸೆಕೆಂಡಿಗೆ ಒಂದು ಪರಮಾಣುಬೀಜ ಸಿಡಿದರೆ ಅದು ಒಂದು ಬೆಕೆರೆಲ್.

ಆತನ ಸಾಧನದ ಕಥೆ ಅಲ್ಲಿಗೆ ನಿಲ್ಲಲಿಲ್ಲ. ೧೯೮೦ರ ದಶಕದ ಆರಂಭದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಹೊಸ ಬಗೆಯ ಬಿಂಬಫಲಕವನ್ನು ತಂದಿತು. ಇದರಲ್ಲಿ ಬೆಳ್ಳಿಯಿಲ್ಲ; ಯುರೋಪಿಯಂ ಬೆರೆಸಿದ ಬೇರಿಯಂ ಫ್ಲೋರೋಬ್ರೋಮೈಡಿನ ಹರಳುಗಳಿವೆ. ವಿಕಿರಣ ತಾಗಿದಾಗ ಹರಳು ಆ ಶಕ್ತಿಯನ್ನು ಒಳಗೆ ಹಿಡಿದಿಡುತ್ತದೆ. ಕೆಂಪು ಲೇಸರ್ ಕಿರಣವನ್ನು ಅದರ ಮೇಲೆ ಆಡಿಸಿದಾಗ ಹಿಡಿದಿಟ್ಟದ್ದು ನೀಲಿಯ ಬೆಳಕಾಗಿ ಹೊರಗೆ ಬರುತ್ತದೆ. ಯಂತ್ರ ಅದನ್ನು ಓದಿ ಚಿತ್ರವಾಗಿಸುತ್ತದೆ. ಓದಿದ ಮೇಲೆ ಬಿಳಿಯ ಬೆಳಕಿನಿಂದ ಒರಸಿ ಮತ್ತೆ ಬಳಸಬಹುದು. ಅವಗೆಂಪು ತಾಗಿದ ಕೂಡಲೆ ಹೊಳಪನ್ನು ಚೆಲ್ಲುತ್ತಿದ್ದ ಬೆಕೆರೆಲನ ಹಳೆಯ ಪರದೆಯನ್ನು ವಾಚಕರು ಇಲ್ಲಿ ನೆನೆಯಬಹುದು. ೧೮೯೬ರ ಮೇ ತಿಂಗಳಲ್ಲಿ ದೂರವಾದ ಸ್ಫುರದೀಪ್ತಿಯೂ ಫಲಕವೂ ಇಲ್ಲಿ ಒಂದೇ ಹಾಳೆಯಾಗಿ ಕೂಡಿಕೊಂಡಿವೆ.

ಈ ಹೊಸ ಫಲಕವೂ ಹಳೆಯದರಂತೆಯೇ ಏನೋ ಬಂದಿತ್ತೆಂದು ಮೊದಲು ಹೇಳುತ್ತದೆ. ಬಂದದ್ದು ಆಲ್ಫಾವೋ ಬೀಟಾವೋ ಗಾಮಾವೋ ಎಂದು ತಿಳಿಯಬೇಕಾದರೆ ನಡುವೆ ತಡೆಗಳನ್ನು ಇಡಬೇಕು. ಒಂದು ಹಾಳೆ ಕಾಗದ ಇಟ್ಟಾಗ ಗುರುತು ಅಳಿದರೆ ಆಲ್ಫಾ. ಕೆಲವು ಮಿಲಿಮೀಟರು ಅಲ್ಯೂಮಿನಿಯಮ್ಮಿನಲ್ಲಿ ಅಳಿದರೆ ಬೀಟಾ. ಅದನ್ನೂ ದಾಟಿ ಬಂದು ದಪ್ಪ ಸೀಸದಲ್ಲಿ ಮಾತ್ರ ಕುಂದುವುದಾದರೆ ಗಾಮಾ. ಫಲಕದ ಮೇಲಿರುವ ರಕ್ಷಣೆಯ ತೆಳುಪೊರೆಯೂ ಟ್ರಿಟಿಯಮ್ಮಿನ ದುರ್ಬಲವಾದ ಬೀಟಾ ಕಿರಣಕ್ಕೆ ತಡೆಯಾಗುವುದರಿಂದ ಅದಕ್ಕಾಗಿ ಪೊರೆಯಿಲ್ಲದ ಫಲಕಗಳನ್ನೇ ಮಾಡುತ್ತಾರೆ. ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ, ಯಾವ ತಡೆಯನ್ನು ಎಲ್ಲಿ ಇಡಬೇಕೆಂಬುದನ್ನು ಮನುಷ್ಯನೇ ಯೋಚಿಸಬೇಕು.

ತಾಮ್ರದ ಶಿಲುಬೆ, ಕತ್ತಲೆಯ ಪೆಟ್ಟಿಗೆ, ಹೊಳೆಯದ ಲವಣ, ಅಯಸ್ಕಾಂತ, ಕಾಗದ ಮತ್ತು ಲೋಹದ ಪಟ್ಟಿಗಳು: ಬೆಕೆರೆಲನು ಬಾಳಿನುದ್ದಕ್ಕೂ ಕಿರಣಕ್ಕೂ ಫಲಕಕ್ಕೂ ನಡುವೆ ಇರಿಸುತ್ತ ಬಂದ ಪ್ರಶ್ನೆಗಳು ಇವು. ಪ್ರಶ್ನೆ ಸರಿಯಾಗಿದ್ದಾಗ ಫಲಕ ನಿಜವನ್ನು ನುಡಿಯಿತು. ಉತ್ತರವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ನೋಡಿದಾಗ ಆತನನ್ನು ದಾರಿ ತಪ್ಪಿಸಿತು. ಎರಡನ್ನೂ ಮುಚ್ಚಿಡದೆ ಲೋಕದ ಮುಂದಿಟ್ಟನು ಎಂಬುದರಲ್ಲಿ ಆತನ ದೊಡ್ಡತನವಿದೆ. ಪಾಠ ಹೇಳುವಾಗ ಮೋಡದ ಕಥೆಯ ಜೊತೆಗೆ ಈ ಕಥೆಯನ್ನೂ ಹೇಳಿದರೆ, ಹುಡುಗರು ಅದೃಷ್ಟಕ್ಕಾಗಿ ಕಾಯುವ ಬದಲು ಬೇಗನೆ ಫಲಕ ತೊಳೆದು ನೋಡುವುದನ್ನು ಕಲಿತಾರು.